ಮೀಸೆ ಮಾರಿದ ದಿನ

ಅಳುವ ಮಕ್ಕಳ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವವನಲ್ಲ. ಆಂಬ್ಯುಲೆನ್ಸ್ ನರ್ಸ್ ಆಗಿ ಕಲಿತ ಪಾಠಗಳಲ್ಲಿ ಮೊದಲನೆಯದೇ ಅದು. ಮಗು ಕಿರುಚಿ ಅಳುತ್ತಿದೆ ಎಂದರೆ ಗಾಳಿ ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿದೆ ಎಂದರ್ಥ. ತಾಯಂದಿರು ಗಾಬರಿಯಾಗುತ್ತಾರೆ, ನಾನು ಒಳಗೊಳಗೇ ಸಮಾಧಾನ ಪಡುತ್ತೇನೆ. ನನಗೆ ಭಯವಾಗುವುದು ಸುಮ್ಮನಿರುವ ಮಗುವನ್ನು ಕಂಡರೆ. ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದ್ದು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋದ ಒಂದು ಪ್ರಯಾಣ.

ಹುಣಸೆಹಣ್ಣು ಬಡಿಯುವ ಕಾಲ. ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯ ಅಂಗಳದಲ್ಲಿ ಗಾಡಿ ತೊಳೆದು, ಆಕ್ಸಿಜನ್ ಸಿಲಿಂಡರಿನ ಮುಳ್ಳು ನೋಡಿ, ಡ್ರೈವರ್ ಭಾಯ್ ತಂದ ಟೀ ಕುಡಿಯುತ್ತಿದ್ದೆ. ಭಾಯ್ ಗುಂಡ್ಲುಪೇಟೆ ಟೌನಿನವರೇ. ಮನೆಯಲ್ಲಿ ಉರ್ದು, ಗಾಡಿಯಲ್ಲಿ ಕನ್ನಡ, ಕೇರಳದ ಲಾರಿ ಅಡ್ಡ ಬಂದರೆ ಮಲಯಾಳಂ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ, 'ಮೀಸೆ ಸಾಹೇಬ್ರು' ಎನ್ನುತ್ತಾರೆ. ತಪ್ಪೇನಿಲ್ಲ. ಮದುವೆಗೆ ಮುಂಚಿನಿಂದ ಎಣ್ಣೆ ಹಚ್ಚಿ, ತುದಿ ತಿರುವಿ, ಎರಡು ಕೆನ್ನೆಗೂ ಹಂಚಿ ಸಾಕಿದ ಮೀಸೆ ಅದು. ಹೆಣ್ಣು ನೋಡಲು ಹೋದ ದಿನ ನನ್ನ ಹೆಂಡತಿ ನನ್ನ ಮುಖ ನೋಡಲಿಲ್ಲವಂತೆ, ಮೀಸೆಯನ್ನೇ ನೋಡಿ ಹೂಂ ಅಂದಳಂತೆ.

ಅಷ್ಟರಲ್ಲಿ ಒಂದು ಗೂಡ್ಸ್ ಆಟೋ ಗೇಟಿನೊಳಗೆ ನುಗ್ಗಿತು. ಹಿಂದೆ ಕೂತಿದ್ದವರು ಮೂವರು. ಹಣೆ ತುಂಬ ವಿಭೂತಿ, ಬಿಳಿ ಪಂಚೆ, ಹೆಗಲ ಮೇಲೆ ಕೆಂಪಂಚಿನ ದೊಡ್ಡ ಟವೆಲ್ ಇದ್ದ ಒಬ್ಬ ಹಿರಿಯರು, ಅವರ ತೋಳಿನಲ್ಲಿ ಮೂರು ವರ್ಷದ ಹೆಣ್ಣುಮಗು, ಪಕ್ಕದಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದ ಮಗುವಿನ ತಾಯಿ. ಗೋಪಾಲಸ್ವಾಮಿ ಬೆಟ್ಟದ ಕಡೆಯ ಒಂದು ಊರಿನವರು. ಮಗುವಿನ ಉಸಿರಿನಲ್ಲಿ ಒಂದು ಸಿಳ್ಳೆ ಇತ್ತು. ಹತ್ತು ಹೆಜ್ಜೆ ದೂರದಿಂದಲೇ ಕೇಳಿಸಿತು.

ಜಗುಲಿಯ ಮೇಲೆ ಹೆಂಗಸರು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದರಂತೆ. ಮಗು ಬೀಜ ಬಾಯಿಗೆ ಹಾಕಿಕೊಂಡು ಕುಣಿಯುತ್ತಿತ್ತು. ಯಾರೋ ನಗಿಸಿದರು. ನಗುವಾಗ ಬೀಜ ಗಂಟಲಿಗೆ ಹೋಯಿತು. ಮೊದಲು ಕಣ್ಣು ಮೇಲೆ ಹೋಗುವಷ್ಟು ಕೆಮ್ಮು, ಆಮೇಲೆ ಈ ಸಿಳ್ಳೆ.

ನಮ್ಮ ಮಕ್ಕಳ ಡಾಕ್ಟರು ಮೇಡಂ ಬಂದು ಮಗುವಿನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು. ಎಡಕ್ಕೆ ಇಟ್ಟರು, ಬಲಕ್ಕೆ ಇಟ್ಟರು, ಮತ್ತೆ ಎಡಕ್ಕೆ ಇಟ್ಟರು. ಬಲಗಡೆ ಗಾಳಿ ಸರಿಯಾಗಿ ಹೋಗುತ್ತಿರಲಿಲ್ಲ. ಬೀಜ ಎಕ್ಸ್‌ರೇಗೆ ಕಾಣುವುದೂ ಅಪರೂಪ, ಅದಕ್ಕೆ ಸಮಯ ಕಳೆಯುವುದು ಬೇಡ ಎಂದು ಮೇಡಂ ನೇರವಾಗಿ ಚಾಮರಾಜನಗರಕ್ಕೆ ಫೋನ್ ಮಾಡಿದರು. ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರಿದ್ದರು, ಇಷ್ಟು ಚಿಕ್ಕ ಮಗುವಿನ ಗಂಟಲಿಗೆ ಇಳಿಸುವಂಥ ಕೊಳವೆಯೂ ಇತ್ತು. ಫೋನ್ ಇಟ್ಟು ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

"ಈಗ ಎಡಗಡೆ ಶ್ವಾಸಕೋಶದಲ್ಲೇ ಮಗು ಉಸಿರಾಡ್ತಿದೆ. ಬೀಜ ಬಲಗಡೆ ಕೂತಿರೋವರೆಗೂ ಪರವಾಗಿಲ್ಲ. ಜೋರಾಗಿ ಅತ್ತರೆ ಮೇಲಕ್ಕೆ ಹಾರಿ ಶ್ವಾಸನಾಳಕ್ಕೇ ಅಡ್ಡ ಸಿಕ್ಕೊಳ್ಳಬಹುದು. ಆಗ ಎರಡೂ ಕಡೆ ಬಂದ್" ಎಂದರು. "ಅದಕ್ಕೆ ಮಲಗಿಸ್ಬೇಡಿ. ಬಾಯಿಗೆ ಬೆರಳು ಹಾಕ್ಬೇಡಿ. ನೀರೂ ಕೊಡ್ಬೇಡಿ. ಸೂಜಿ ಚುಚ್ಚೋದನ್ನ ಅಲ್ಲಿ ನೋಡ್ಕೊಳ್ತಾರೆ. ಮುಖ್ಯ ಏನು ಅಂದ್ರೆ, ಅಳಿಸ್ಬೇಡಿ. ನಗಿಸ್ಲೂಬೇಡಿ, ನಕ್ಕರೂ ಕೆಮ್ಮು ಬರುತ್ತೆ."

ಮೂರು ವರ್ಷದ ಕೂಸನ್ನು ಚಾಮರಾಜನಗರದವರೆಗೆ ಅಳಿಸದೆ, ನಗಿಸದೆ ಕರೆದುಕೊಂಡು ಹೋಗಬೇಕು. ಇದಕ್ಕಿಂತ ಹೃದಯಾಘಾತದ ಇಬ್ಬರು ರೋಗಿಗಳನ್ನು ಒಟ್ಟಿಗೆ ಹತ್ತಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೊದಲ ಹೆಜ್ಜೆಯಲ್ಲೇ ಎಡವಿದೆ. ಆಕ್ಸಿಜನ್ ಮಾಸ್ಕ್ ಹಿಡಿದು ಹತ್ತಿರ ಹೋದದ್ದೇ ತಡ, ಮಗುವಿನ ದೃಷ್ಟಿ ನನ್ನ ಮೀಸೆಯ ಮೇಲೆ ಬಿತ್ತು. ತುಟಿ ಕೆಳಗೆ ಬಾಗಿತು, ಗಲ್ಲ ನಡುಗಿತು. ಮೇಡಂ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು.

ತಾಯಿ ಪಾಪ ನೆಲ ನೋಡುತ್ತ ಹೇಳಿದಳು. "ತಪ್ಪು ತಿಳೀಬ್ಯಾಡಿ ಅಣ್ಣ. ಮುದ್ದ ತಿನ್ನದೆ ಹಟ ಮಾಡುವಾಗ ಮೀಸೆಯವನು ಬತ್ತಾನ, ಇಡ್ಕಂಡು ಓಯ್ತಾನ ಅಂತ ಯದ್ರುಸ್ತಿದ್ದೆ. ಈಗ ನಿಜ್ವಾಗ್ಲೂ ಬಂದ್ಬುಟ್ರಿ."

ಊರಿನ ಎಷ್ಟು ಮನೆಗಳಲ್ಲಿ ಎಷ್ಟು ತುತ್ತು ಮುದ್ದೆ ನನ್ನಂಥವರ ಹೆಸರಿನಲ್ಲಿ ಇಳಿದಿದೆಯೋ ದೇವರಿಗೇ ಗೊತ್ತು. ನಾನು ಬೇಗ ಬೇಗ ಮುಖಗವಸು ಹಾಕಿಕೊಂಡೆ. ಅದರಿಂದ ಇನ್ನೂ ಕೆಟ್ಟಿತು. ಗವಸಿನ ಎರಡು ಪಕ್ಕದಿಂದಲೂ ಮೀಸೆಯ ತುದಿಗಳು ಹೊರಗೆ ಇಣುಕುತ್ತಿದ್ದವು, ಮಗು ಅವೆರಡನ್ನೇ ಕಣ್ಣು ಬಿಟ್ಟು ನೋಡುತ್ತಿತ್ತು. ಸ್ಟ್ರೆಚರಿನ ಬೆಲ್ಟು ತೋರಿಸಿದಾಗ ಉಸಿರಿನ ಸಿಳ್ಳೆ ಜೋರಾಯಿತು.

ಆಗ ಆ ಹಿರಿಯರು, ಮಗುವಿನ ತಾತ, ಮಾತಾಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಮಗುವಿನ ಕೈಯ ಮೇಲೆ ಹಾಸಿ, ಅದರ ಕೆಳಗೆ ತಮ್ಮ ಕೈ ತೂರಿಸಿದರು. "ಕೂಸೇ, ಆ ಮೀಸ ನೋಡ್ದಾ? ಅದು ಮಾರಾಟಕ್ಕದ ಕಣಮ್ಮಿ. ತಕ್ಕಂಡ್‌ಬುಡವಾ?"

ಮಗು ಅಳಲು ಹೊರಟದ್ದನ್ನು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ಮತ್ತೊಮ್ಮೆ ನೋಡಿತು. ಈ ಸಲ ನೋಟ ಬೇರೆ ಇತ್ತು. ಕೊಳ್ಳುವವರ ನೋಟ.

ಆಮೇಲೆ ಗೊತ್ತಾಯಿತು, ತಾತ ದನದ ದಲ್ಲಾಳಿ. ಅವತ್ತು ತೆರಕಣಾಂಬಿ ಸಂತೆ, ಅಲ್ಲಿಗೆ ಹೊರಟು ನಿಂತವರು ಹಾಗೆಯೇ ಆಟೋ ಹತ್ತಿದ್ದರು. ನಮ್ಮ ಕಡೆ ದನದ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವೆಲ್ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಾರೆ, ಬೆರಳು ಬಿಟ್ಟು ಬೇಡ ಎನ್ನುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಮೊಮ್ಮಗಳು ನಡೆಯುವುದಕ್ಕೆ ಮುಂಚೆಯೇ ತಾತನ ತೊಡೆಯ ಮೇಲೆ ಕೂತು ಈ ಆಟ ಕಲಿತಿತ್ತು. ಆಟಕ್ಕೆ ತಾತ ಇಟ್ಟಿದ್ದ ಕಟ್ಟಳೆಯೂ ಸಂತೆಯದೇ. ಟವೆಲ್ ಕೆಳಗೆ ಕೈ ಇರುವಾಗ ಮಾತಿಲ್ಲ. ನಕ್ಕರೆ ಎದುರಿನವರಿಗೆ ನಿನ್ನ ಆಸೆ ಗೊತ್ತಾಗುತ್ತದೆ, ಅತ್ತರೆ ನಿನ್ನ ಅವಸರ ಗೊತ್ತಾಗುತ್ತದೆ, ಎರಡಾದರೂ ವ್ಯಾಪಾರ ಕೆಟ್ಟಿತು. ಕೈ ತಟ್ಟಿದ ಮೇಲೆ ಮಾಲು ಕೊಡಲೇಬೇಕು.

ಅಳಬಾರದು, ನಗಬಾರದು. ಮೇಡಂ ನನ್ನ ಮುಖ ನೋಡಿದರು, ನಾನು ಮೇಡಂ ಮುಖ ನೋಡಿದೆ.

ನಿಯಮದ ಪ್ರಕಾರ ರೋಗಿ ಸ್ಟ್ರೆಚರ್ ಮೇಲಿರಬೇಕು, ಬೆಲ್ಟು ಬಿಗಿದಿರಬೇಕು, ಮಾಸ್ಕ್ ಕಟ್ಟಿರಬೇಕು. ನಾನು ನಿಯಮ ಮೀರುವವನಲ್ಲ, ಮೀರುವವರ ಮೇಲೆ ರೇಗುವವನು. ಆದರೂ ಅವತ್ತು ಬಾಯಿಬಿಟ್ಟು ಕೇಳಿದೆ. "ಮೇಡಂ, ಸ್ಟ್ರೆಚರ್ ಬೇಡ. ತಾತನ ತೊಡೆ ಮೇಲೇ ಕೂರಿಸ್ಕೊಂಡು ಹೋಗ್ತೀನಿ. ಬೆಲ್ಟು ತಾತನಿಗೆ ಹಾಕ್ತೀನಿ. ಆಕ್ಸಿಜನ್ ಪೈಪನ್ನ ಟವೆಲ್ ಕೆಳಗಿಂದ ತಂದು ಗಲ್ಲದ ಹತ್ತಿರ ಬಿಡ್ತೀನಿ."

"ನೀವು ಮಾರಾಟಗಾರರು ಅನ್ನೋದನ್ನ ಮರೀಬೇಡಿ" ಎಂದರು ಮೇಡಂ, ರೆಫರಲ್ ಚೀಟಿಗೆ ಸಹಿ ಹಾಕುತ್ತ.

ಹೀಗೆ ಹೊರಟೆವು. ಮಗು ತಾತನ ತೊಡೆಯ ಮೇಲೆ ನೆಟ್ಟಗೆ ಕೂತಿತ್ತು, ನಾನು ಎದುರಿಗೆ, ನಡುವೆ ಟವೆಲ್. ಮಾಲಿನ ಒಡೆಯ ನಾನು, ಕೊಳ್ಳುವವಳು ಅವಳು, ದಲ್ಲಾಳಿ ತಾತ. ಟವೆಲ್ ಕೆಳಗೆ ನನ್ನ ಕೈ ಹೋದಾಗ ಮಗುವಿನ ಪುಟ್ಟ ಬೆರಳುಗಳು ನನ್ನ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿದವು. ಹಾಗೆಯೇ ಅವಳ ಮಣಿಕಟ್ಟಿನ ನಾಡಿ ನನಗೆ ಸಿಕ್ಕಿತು. ಇನ್ನೊಂದು ಕೈಯಿಂದ ಆಕ್ಸಿಜನ್ ಅಳೆಯುವ ಕ್ಲಿಪ್ ಅವಳ ಬೆರಳಿಗೆ ಸಿಕ್ಕಿಸಿದೆ. ಬೇರೆ ಯಾವ ಮಗುವಾದರೂ ಅದನ್ನು ಕಿತ್ತು ಎಸೆಯುತ್ತಿತ್ತು. ಇವಳು ಅದನ್ನೂ ಒಂದು ಬೆಲೆ ಎಂದುಕೊಂಡು, ಯೋಚಿಸಿ, ಉತ್ತರವಾಗಿ ನನ್ನ ಹೆಬ್ಬೆರಳು ಒತ್ತಿದಳು. ಮಾನಿಟರ್ ತೊಂಬತ್ತನಾಲ್ಕು ತೋರಿಸಿತು.

"ಇವ್ರು ಆನ ಕೇಳ್ತಾವ್ರ ಕಣಮ್ಮಿ, ನಾವು ಕರು ಕೊಡವ" ಎಂದು ತಾತ ಮೆಲ್ಲಗೆ ಭಾಷಾಂತರ ಮಾಡಿದರು. ಮಗು ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ ಬೆರಳು ಬಿಟ್ಟಿತು. ಆನೆ ಹಾಗಿರಲಿ, ಕರುವೂ ಇಲ್ಲವಂತೆ. ನನ್ನ ಇಷ್ಟು ವರ್ಷದ ಮೀಸೆಗೆ ಒಂದು ಕರುವಿನ ಬೆಲೆಯೂ ಇಲ್ಲವೇ ಎಂದು, ಆ ಹೊತ್ತಿನಲ್ಲೂ, ನನಗೆ ಸಣ್ಣಗೆ ಬೇಜಾರಾಯಿತು.

ಊರು ದಾಟುವಾಗ ಮಗುವಿನ ಅಂಗಿಯ ಕೊರಳಪಟ್ಟಿಯಲ್ಲಿ ಏನೋ ಬೆಳ್ಳಗೆ ಅಂಟಿದ್ದು ಕಂಡಿತು. ಮುಟ್ಟಿ ಮೂಸಿದೆ. ಬಾಳೆಹಣ್ಣು. ತಾಯಿಯನ್ನು ಮೆಲ್ಲಗೆ ಕೇಳಿದೆ, ಮುಖದಲ್ಲಿ ಸಿಟ್ಟು ಕಾಣಿಸದ ಹಾಗೆ, ಏಕೆಂದರೆ ಕೊಳ್ಳುವವಳು ನನ್ನನ್ನೇ ನೋಡುತ್ತಿದ್ದಳು.

"ಪಕ್ಕದ್ಮನ ಅಜ್ಜಿ ಕೊಡ್ತು ಅಣ್ಣ. ಮುಳ್ಳು ಸಿಕ್ಕೊಂಡ್ರ ಬಾಳಣ್ಣು ನುಂಗುದ್ರ ಇಳ್ದೋಯ್ತದಲ್ವ, ಬೀಜನೂ ಅಂಗೇ ಇಳೀತದ ಅಂತು. ಅರ್ಧ ತಿಂದ್ಲು."

ಮೀನಿನ ಮುಳ್ಳು ಅನ್ನದ ದಾರಿಯಲ್ಲಿ ಸಿಕ್ಕುತ್ತದೆ, ಈ ಬೀಜ ಉಸಿರಿನ ದಾರಿ ಹಿಡಿದಿತ್ತು. ಅಜ್ಜಿಯ ಕಾಳಜಿಯಲ್ಲಿ ತಪ್ಪಿಲ್ಲ, ದಾರಿಯಲ್ಲಿ ತಪ್ಪು. ಆದರೆ ಹೊಟ್ಟೆಯಲ್ಲಿ ಹಣ್ಣಿದ್ದರೆ ಅರಿವಳಿಕೆ ಕೊಟ್ಟಾಗ ವಾಂತಿಯಾಗಿ ಶ್ವಾಸಕ್ಕೆ ಹೋಗಬಹುದು. ಹೊಟ್ಟೆ ಖಾಲಿಯಾಗಲಿ ಎಂದು ಕಾದರೆ ಬೀಜ ನೀರು ಹೀರಿ ಉಬ್ಬುತ್ತದೆ. ಕಾಯುವ ಹಾಗೂ ಇಲ್ಲ, ಕಾಯದೆ ಇರುವ ಹಾಗೂ ಇಲ್ಲ. ಒಂದೇ ಕೈಯಲ್ಲಿ ಫೋನ್ ಹಿಡಿದು ಚಾಮರಾಜನಗರಕ್ಕೆ ವಿಷಯ ತಿಳಿಸಿದೆ. ಇನ್ನೊಂದು ಕೈ ವ್ಯಾಪಾರದಲ್ಲಿತ್ತು.

ತೆರಕಣಾಂಬಿ ಹತ್ತಿರವಾದಾಗ ರಸ್ತೆ ತುಂಬ ದನ. ಸಂತೆಗೆ ಬಂದವು, ಸಂತೆಯಿಂದ ಹೊರಟವು, ಟೆಂಪೋ ಹತ್ತದೆ ಹಟ ಮಾಡುವವು. ಭಾಯ್ ಕೈ ಅಭ್ಯಾಸಬಲದಿಂದ ಸೈರನ್ ಗುಂಡಿಗೆ ಹೋಯಿತು.

ಒಂದೇ ಕೂಗು. ಮಗು ಬೆಚ್ಚಿಬಿದ್ದು ಉಸಿರು ಒಳಗೆ ಎಳೆದುಕೊಂಡಳು, ಕೆಮ್ಮು ಬಂತು. ಕೆಮ್ಮಿನ ನಡುವೆ ಗಂಟಲಲ್ಲಿ 'ಟಪ್' ಎಂದು ಒಂದು ಸದ್ದು. ಅಷ್ಟೇ, ಆಮೇಲೆ ಏನೂ ಇಲ್ಲ. ಸಿಳ್ಳೆಯೂ ಇಲ್ಲ. ಬಾಯಿ ತೆರೆದಿತ್ತು, ಕಣ್ಣು ನನ್ನ ಮೇಲಿತ್ತು, ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಮಗುವನ್ನು ಎಡಗೈ ಮೇಲೆ ಬೋರಲು ಬಾಗಿಸಿ, ಬೆನ್ನಿಗೆ ಏಟು ಕೊಡಲು ಬಲಗೈ ಎತ್ತಿದೆ. ಎತ್ತಿದ ಕೈ ಇಳಿಯುವಷ್ಟರಲ್ಲಿ ಇನ್ನೊಂದು 'ಟಪ್'. ಸಿಳ್ಳೆ ಮತ್ತೆ ಶುರುವಾಯಿತು. ಜೀವಮಾನದಲ್ಲಿ ಒಂದು ಸಿಳ್ಳೆಯನ್ನು ಕೇಳಿ ನಾನು ಅಷ್ಟು ಸಂತೋಷಪಟ್ಟಿಲ್ಲ.

ಅವಳನ್ನು ನೆಟ್ಟಗೆ ಕೂರಿಸಿದೆ. ಈಗ ಅಳುತ್ತಾಳೆ ಎಂದುಕೊಂಡೆ, ತುಟಿ ಬಾಗಿತ್ತು. ಆದರೆ ಇಷ್ಟೆಲ್ಲ ಆದರೂ ಟವೆಲ್ ಕೆಳಗೆ ತಾತ ಅವಳ ಕೈ ಬಿಟ್ಟಿರಲಿಲ್ಲ. ಏನೂ ನಡೆದೇ ಇಲ್ಲವೆಂಬಂತೆ, "ಎಲ್ಡು ಕರು ಕೇಳ್ತಾವ್ರ ಈಗ. ಯಾನ ಮಾಡನ?" ಎಂದರು. ಮಗು ಮೂಗೆಳೆದುಕೊಂಡು ಯೋಚನೆಗೆ ಬಿದ್ದಳು.

"ಭಾಯ್, ಇನ್ನು ಸೈರನ್ ಬೇಡ, ಹಾರನ್ನೂ ಬೇಡ" ಎಂದೆ.

"ಅಲ್ಲ ಸಾಹೇಬ್ರೇ, ಇಷ್ಟೊಂದು ದನ ಇದಾವೆ, ಬಾಯಿ ಮುಚ್ಕೊಂಡು ಹೆಂಗೆ ದಾಟ್ಲಿ?" ಭಾಯ್ ದನಿಯಲ್ಲಿ ಅಳುವೇ ಇತ್ತು. ಅವರಿಗೆ ಅಳಲು ಅನುಮತಿ ಇತ್ತಲ್ಲ.

ತಾತ ಸ್ವಲ್ಪ ಸರಿದು ಪಕ್ಕದ ಕಿಟಕಿಗೆ ಮುಖ ಕೊಟ್ಟು, ಟವೆಲ್ ಮುಚ್ಚಿದ ನಮ್ಮ ಕೈಗಳನ್ನು ಕಿಟಕಿಗೆ ಕಾಣುವಂತೆ ಎತ್ತಿ ಹಿಡಿದರು. ಹೊರಗೆ ಒಬ್ಬ ದಲ್ಲಾಳಿ ಗುರುತು ಹಿಡಿದು ಹತ್ತಿರ ಬಂದ. ಟವೆಲ್ ನೋಡಿದ ತಕ್ಷಣ ಅವನ ದನಿ ತಾನಾಗಿಯೇ ಇಳಿಯಿತು. ಕೈ ಟವೆಲ್ ಕೆಳಗಿರುವಾಗ ಪಕ್ಕದಲ್ಲಿ ಗದ್ದಲ ಮಾಡುವುದು ಆ ಜನಕ್ಕೆ ಗೊತ್ತೇ ಇಲ್ಲ. ಭಾಯ್ ಕಿಟಕಿಯಿಂದ ಬಗ್ಗಿ, ಕೂಸಿನ ಗಂಟಲಲ್ಲಿ ಬೀಜ ಇದೆ, ಅಳಬಾರದು ಎಂದು ಎರಡು ಮಾತಿನಲ್ಲಿ ಹೇಳಿದರು.

ಅವನು ತಲೆಯಾಡಿಸಿದ. ಹೋಗುವ ಮುಂಚೆ ಮಾತ್ರ ತಡೆಯಲಾರದೆ ಕಿಟಕಿಗೆ ಬಾಯಿಟ್ಟು ಪಿಸುಗುಟ್ಟಿದ. "ಯಾನ ಮಾಲಣ್ಣ?"

"ಮೀಸ" ಎಂದರು ತಾತ.

ಅವನು ನನ್ನ ಗವಸಿನ ಎರಡೂ ಪಕ್ಕ ನೋಡಿ, ಗಂಭೀರವಾಗಿ, "ಮಾಲು ಚೆನ್ನಾಗದ ಬುಡು" ಎಂದು ಹೇಳಿ ಮುಂದೆ ನಡೆದ.

ಆಮೇಲೆ ನಡೆದದ್ದನ್ನು ನಾನು ಎಷ್ಟು ಜನಕ್ಕೆ ಹೇಳಿದರೂ ನಂಬುವುದಿಲ್ಲ. ಮಾತು ಕಿವಿಯಿಂದ ಕಿವಿಗೆ ಮುಂದಕ್ಕೆ ಹೋಯಿತು. ಮೂಗುದಾರ ಹಿಡಿದು ಒಂದೊಂದೇ ಜೋಡಿಯನ್ನು ಪಕ್ಕಕ್ಕೆ ಎಳೆದರು. ಯಾರೂ 'ಹೋ' ಎನ್ನಲಿಲ್ಲ, ಯಾರೂ ಬಾರುಕೋಲು ಎತ್ತಲಿಲ್ಲ. ಎತ್ತಿನ ಕೊರಳ ಗಂಟೆ ಅಲ್ಲಾಡದಂತೆ ಗಂಟೆಯನ್ನೇ ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು, ಸಾಲಾಗಿ, ರಸ್ತೆಯ ಎರಡೂ ಬದಿಗೆ. ಟೀ ಅಂಗಡಿಯವನು ರೇಡಿಯೋ ನಿಲ್ಲಿಸಿದ. ಗಾಡಿ ನಡಿಗೆಯ ವೇಗದಲ್ಲಿ ಆ ಸಾಲಿನ ನಡುವೆ ಹೋಯಿತು. ಮಗು ಕಿಟಕಿಯಿಂದ ಒಂದೊಂದೇ ಎತ್ತನ್ನು ನೋಡುತ್ತ, ಒಂದು ದೊಡ್ಡ ಹಳ್ಳಿಕಾರ್ ಹೋರಿ ಬಂದಾಗ ಟವೆಲ್ ಕೆಳಗೆ ತಾತನ ಬೆರಳು ಹಿಸುಕಿದಳು. ಮೀಸೆಯ ಜೊತೆಗೆ ಅದೂ ಬೇಕಾಗಿತ್ತು. ನನ್ನ ಕಣ್ಣು ಮಂಜಾಯಿತು. ಮಾರಾಟಗಾರ ಅತ್ತರೆ ಬೆಲೆ ಬೀಳುತ್ತದೆ ಎಂದು ತಲೆ ತಗ್ಗಿಸಿ ಮಾನಿಟರ್ ನೋಡಿದೆ.

ಚಾಮರಾಜನಗರದಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಅರಿವಳಿಕೆ ಡಾಕ್ಟರು, ನಮ್ಮ ಮೇಡಂ ಹಾಗೆ ಹೆಣ್ಣುಮಗಳು, ಬಾಳೆಹಣ್ಣಿನ ವಿಷಯವನ್ನು ಇನ್ನೊಮ್ಮೆ ಕೇಳಿ ತಿಳಿದುಕೊಂಡರು. ಉಸಿರು ಹೀಗೇ ಇದ್ದರೆ ಹೊಟ್ಟೆ ಖಾಲಿಯಾಗುವವರೆಗೆ ಕಾಯೋಣ, ಕೆಟ್ಟರೆ ಆ ಕ್ಷಣ ಒಳಗೆ ಎಂದು ಇಬ್ಬರೂ ತೀರ್ಮಾನಿಸಿದರು. ನಾನು ಚೀಟಿ ಒಪ್ಪಿಸಿ ಕೈ ಬಿಡಿಸಿಕೊಳ್ಳಲು ನೋಡಿದೆ. ಮಗು ಬಿಡಲಿಲ್ಲ. ವ್ಯಾಪಾರ ಮುಗಿಯದೆ ಮಾಲಿನ ಒಡೆಯ ಸಂತೆ ಬಿಟ್ಟು ಹೋಗುವುದುಂಟೇ. ಭಾಯ್ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಏನೋ ಹೇಳಿದರು. ಏನು ಹೇಳಿದಿರಿ ಎಂದು ಆಮೇಲೆ ಕೇಳಿದ್ದಕ್ಕೆ, ನಮ್ಮ ಸಾಹೇಬ್ರನ್ನ ಒಂದು ಮಗು ಹಿಡ್ಕೊಂಡಿದೆ, ಬಿಡಿಸೋಕೆ ಆಗ್ತಿಲ್ಲ ಅಂದೆ ಎಂದರು.

ಆಪರೇಷನ್ ಥಿಯೇಟರಿನ ಹೊರಗೆ ಒಂದು ಬೆಂಚು. ಅಲ್ಲಿ ಮೀಸೆಯ ಬೆಲೆ ಏರಿತು, ಇಳಿಯಿತು, ಕರುವಿನಿಂದ ಮೇಕೆಗೆ ಬಂತು, ಮೇಕೆಯಿಂದ ಕೋಳಿಗೆ. ಮಧ್ಯಾಹ್ನದ ಹೊತ್ತಿಗೆ ಮಗು ಸೋತಿದ್ದಳು. ಪಕ್ಕೆಲುಬಿನ ನಡುವಿನ ಚರ್ಮ ಉಸಿರಿಗೊಮ್ಮೆ ಒಳಗೆ ಎಳೆದುಕೊಳ್ಳುತ್ತಿತ್ತು. ಮಾನಿಟರ್ ತೊಂಬತ್ತೊಂದಕ್ಕೆ ಇಳಿಯಿತು, ತೊಂಬತ್ತಕ್ಕೆ ಬಂತು. ಬೀಜ ಉಬ್ಬುತ್ತಿತ್ತು. ಆಗ ಟವೆಲ್ ಕೆಳಗೆ ಒಂದು ಕೈ ನಡುಗುತ್ತಿರುವುದು ಗೊತ್ತಾಯಿತು. ಮಗುವಿನದಲ್ಲ. ತಾತನ ಮುಖ ನೋಡಿದೆ. ಮುಖ ಸಂತೆಯಲ್ಲಿ ಇದ್ದ ಹಾಗೆಯೇ ಇತ್ತು, ಒಂದು ಗೆರೆ ಅಲುಗಿರಲಿಲ್ಲ. ಕೈ ಮಾತ್ರ ಒಂದೇ ಸಮನೆ ನಡುಗುತ್ತಿತ್ತು. ಬೆಳಿಗ್ಗೆಯಿಂದ ಆ ಮನುಷ್ಯ ಹೊತ್ತಿದ್ದು ಎಷ್ಟು ಎಂದು ನನಗೆ ಆಗ ತಿಳಿಯಿತು.

ಅರಿವಳಿಕೆ ಡಾಕ್ಟರು ಬಂದು ಮಗುವಿನ ಎದೆ ನೋಡಿದರು. "ಇನ್ನು ಕಾಯೋದು ಬೇಡ. ಹೊಟ್ಟೆಯದನ್ನ ಹೀರೋಕೆ ಸಕ್ಷನ್ ರೆಡಿ ಇಟ್ಕೊಂಡಿದೀನಿ. ಬನ್ನಿ."

ತಾತ ಒಳಗೆ ಬರುವ ಹಾಗಿರಲಿಲ್ಲ. ಅವರು ಟವೆಲ್ ಕೆಳಗೇ ಮೊಮ್ಮಗಳ ಕೈಯನ್ನು ಪೂರ್ತಿಯಾಗಿ ನನ್ನ ಕೈಗೆ ಕೊಟ್ಟರು. "ಇನ್ಮ್ಯಾಕ ನೀವೇ ದಲ್ಲಾಳಿ ಕಣ ಸಾ. ಕೈ ಬುಡ್ಬ್ಯಾಡಿ" ಎಂದರು. ನಾನು ಆ ಪುಟ್ಟ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಥಿಯೇಟರಿನ ಹಸಿರು ಬಟ್ಟೆ ತೊಟ್ಟು ಒಳಗೆ ಹೋದೆ. ಹೊರಗಿನ ಟವೆಲ್ ಒಳಗೆ ಬರುವಂತಿಲ್ಲವಲ್ಲ, ಸಿಸ್ಟರ್ ಒಂದು ಹಸಿರು ಬಟ್ಟೆ ಕೊಟ್ಟರು, ನಮ್ಮ ಕೈ ಮುಚ್ಚಿಕೊಂಡೆವು. ಅರಿವಳಿಕೆ ಡಾಕ್ಟರಿಗೆ ಅಷ್ಟು ಹೊತ್ತಿಗೆ ಆಟ ಅರ್ಥವಾಗಿತ್ತು. ಅನಿಲದ ಮಾಸ್ಕನ್ನು ಬಟ್ಟಲಿನ ಹಾಗೆ ಅಂಗೈಯಲ್ಲಿ ಹಿಡಿದು, "ಕಡೇ ರೇಟು ಯಾರಿಗೂ ಕೇಳಬಾರದು. ಈ ಬಟ್ಟಲಲ್ಲಿ ಬಾಯಿಟ್ಟು ಗುಟ್ಟಾಗಿ ಹೇಳು ಪುಟ್ಟಿ" ಎಂದರು. ಮಗು ನನ್ನ ಮೀಸೆಯ ಕಡೆ ಒಮ್ಮೆ ನೋಡಿ, ತಾನೇ ಮುಖ ಮುಂದೆ ತಂದು ಮಾಸ್ಕಿನೊಳಗೆ ಪಿಸುಗುಟ್ಟಿದಳು. ಬಗ್ಗಿದ್ದ ನನಗೆ ಕೇಳಿಸಿತು.

"ಎಲ್ಡು ಬಾಳಣ್ಣು."

ಹೇಳಿ, ಹಸಿರು ಬಟ್ಟೆಯ ಕೆಳಗೆ ನನ್ನ ಅಂಗೈಗೆ ತನ್ನ ಅಂಗೈ ತಟ್ಟಿದಳು. ಎರಡು ಮೂರು ಉಸಿರಿಗೆ ಬೆರಳು ಸಡಿಲವಾದವು. ಅಳದೆ, ನಗದೆ, ವ್ಯಾಪಾರ ಮುಗಿಸಿ ನಿದ್ದೆಹೋದಳು.

ಹೊರಗೆ ಬಂದು ಬೆಂಚಿನಲ್ಲಿ ಕೂತೆ. ತಾತ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು, ತಾಯಿ ಬಾಗಿಲನ್ನೇ ನೋಡುತ್ತಿದ್ದಳು, ಭಾಯ್ ಒಂದು ಮೂಲೆಯಲ್ಲಿ ನಿಂತು ಎರಡೂ ಕೈ ಎತ್ತಿದ್ದರು. ಒಳಗಿನಿಂದ ಸದ್ದಿಲ್ಲ. ಬೆಳಿಗ್ಗೆಯಿಂದ ನಾನೇ ಬೇಡಿಕೊಂಡಿದ್ದ ನಿಶ್ಶಬ್ದ ಈಗ ಸಹಿಸಲಾಗುತ್ತಿರಲಿಲ್ಲ. ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರ ಕೈಯಲ್ಲಿ ಸಣ್ಣ ಸ್ಟೀಲ್ ಬಟ್ಟಲು, ಅದರಲ್ಲಿ ಒಂದು ಹುಣಸೆ ಬೀಜ. ನೆನೆದು ಉಬ್ಬಿತ್ತು, ಸಿಪ್ಪೆ ಸುಲಿಯತೊಡಗಿತ್ತು.

"ಬಂತು ಯಜಮಾನ್ರೇ. ಎರಡೂ ಕಡೆ ಗಾಳಿ ಹೋಗ್ತಿದೆ" ಎಂದರು.

ತಾತ ಬೀಜವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಟವೆಲ್ ತೆಗೆದಾಗ ವಿಭೂತಿಯೆಲ್ಲ ಅಳಿಸಿಹೋಗಿತ್ತು, ಬಾಯಿ ತುಂಬ ನಗು. ಭಾಯ್ ನನ್ನನ್ನು ಎಷ್ಟು ಜೋರಾಗಿ ತಬ್ಬಿದರೆಂದರೆ ನನ್ನ ಸ್ಟೆತಸ್ಕೋಪ್ ಎದೆಗೆ ಚುಚ್ಚಿತು.

ಹೊರಡುವಾಗ ನಾನು ತಾತನಿಗೆ ಕಿವಿಯಲ್ಲಿ ಹೇಳಿದೆ, ಕೂಸು ಕೈ ತಟ್ಟಿದ್ದಾಳೆ ಎಂದು. ಅವರು ಬೆನ್ನು ತಟ್ಟಿ ನಕ್ಕರು. "ಬುಡಿ ಸಾ, ಕೂಸು ಅಲ್ವಾ, ಮರ್ತ್‌ಬುಡ್ತದ."

ಮರೆಯಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಎದ್ದವಳು ಗೊಗ್ಗರು ದನಿಯಲ್ಲಿ ಮೊದಲು ಕೇಳಿದ್ದೇ, "ನನ್ ಮೀಸ ಎಲ್ಲಿ?" ಅಂತಂತೆ. ಸಮಾಧಾನ ಮಾಡ್ತೀವಿ, ನೀವು ತಲ ಕೆಡಿಸ್ಕಬ್ಯಾಡಿ ಎಂದರು ತಾತ. ಆದರೆ ದನಿಯಲ್ಲಿ ಒಂದು ಸಂಕೋಚ ಇತ್ತು. ಕೈ ತಟ್ಟಿದ ಮೇಲೆ ಮಾಲು ಕೊಡದ ಸಂತೆಯನ್ನು ಆ ಮನುಷ್ಯ ನೋಡಿದವರಲ್ಲ.

ನಾನು ಇಡೀ ದಿನ ಕನ್ನಡಿಯ ಮುಂದೆ ಹೋಗಿ ಬಂದೆ. ಭಾಯ್‌ಗೆ ಹೇಳಿದರೆ, ಸಾಹೇಬ್ರೇ, ಮೀಸೆ ಹೋದ್ರೆ ನಿಮ್ಮನ್ನ ಏನಂತ ಕರೀಲಿ ಎಂದು ನಿಜಕ್ಕೂ ಚಿಂತೆಗೆ ಬಿದ್ದರು. ಹೆಂಡತಿಗೆ ಹೇಳಿದೆ. ಅವಳು ಮೀಸೆಯ ಕಡೆ ಒಮ್ಮೆ ನೋಡಿ, "ನಂಗೆ ಅದನ್ನ ಯಾರೂ ಮಾರಿರ್ಲಿಲ್ಲ, ಸುಮ್ನೆ ನೋಡೋಕೆ ಬಿಟ್ಟಿದ್ರು ಅಷ್ಟೇ. ಅವಳು ಕೊಂಡ್ಕೊಂಡಿದಾಳೆ, ಕೊಟ್ಬಿಡಿ" ಎಂದಳು.

ಅದರ ಮರುದಿನ ರಜೆ ಹಾಕಿ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಕ್ಷೌರದ ಅಂಗಡಿಯವನು ಕತ್ತರಿ ಹಿಡಿದು ಮೂರು ಸಲ ಕೇಳಿದ, ನಿಜವಾಗ್ಲೂ ತೆಗೀಲಾ ಅಂತ. ತೆಗೆದದ್ದನ್ನು ಒಂದು ಕಾಗದದಲ್ಲಿ ಸುತ್ತಿ ಕೊಡು ಎಂದಾಗ ನನ್ನ ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ಮೇಲ್ತುಟಿಗೆ ಗಾಳಿ ತಾಗಿ ತಣ್ಣಗಾಯಿತು. ಎಷ್ಟೋ ವರ್ಷದ ಮೇಲೆ ಅಲ್ಲಿಗೆ ಗಾಳಿ ಬಂದಿತ್ತು.

ವಾರ್ಡಿನಲ್ಲಿ ಮಗು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಅವತ್ತೇ ಮನೆಗೆ ಕಳಿಸುವವರಿದ್ದರು. ತೊಡೆಯ ಮೇಲೆ ತಾತನ ಟವೆಲ್, ಟವೆಲ್ಲಿನ ಮೇಲೆ ಎರಡು ಏಲಕ್ಕಿ ಬಾಳೆಹಣ್ಣು. ಬೆಳಿಗ್ಗೆಯಿಂದ ತಾನೂ ತಿನ್ನದೆ, ಯಾರಿಗೂ ಮುಟ್ಟಲು ಕೊಡದೆ ಇಟ್ಟುಕೊಂಡಿದ್ದಳಂತೆ. ನಾನು ದೊಡ್ಡದಾಗಿ ನಗುತ್ತ ಹತ್ತಿರ ಹೋಗಿ ಕಾಗದದ ಪೊಟ್ಟಣ ಚಾಚಿದೆ.

ಮಗು ನನ್ನ ಮುಖ ನೋಡಿತು. ಪೊಟ್ಟಣ ನೋಡಿತು. ಮತ್ತೆ ಮುಖ ನೋಡಿತು. ಮೀಸೆಯವನು ಬರಬೇಕಾದ ಕಡೆ ಬೋಳು ತುಟಿಯ ಯಾವನೋ ಬಂದಿದ್ದಾನೆ. ತುಟಿ ಕೆಳಗೆ ಬಾಗಿತು, ಗಲ್ಲ ನಡುಗಿತು. ಹಾಳಾದ ಅಭ್ಯಾಸ, ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅವಳು ಬಾಯಿ ತೆರೆದು ಅತ್ತಳು. ಎಂಥ ಅಳು ಅಂತೀರಿ. ವಾರ್ಡಿನ ಆ ಕೊನೆಯ ಮಂಚದವರು ಎದ್ದು ಕೂತರು. ಸಿಳ್ಳೆ ಇಲ್ಲ, ತಡೆ ಇಲ್ಲ, ಮೂರು ದಿನದಿಂದ ಒಳಗೇ ಕಟ್ಟಿಟ್ಟಿದ್ದ ಅಳು ಪೂರ್ತಿ ಎದೆ ತುಂಬಿ ಬಂತು. ತಾಯಿ ಎತ್ತಿಕೊಳ್ಳಲು ಮುಂದೆ ಹೋದಳು.

"ಅಳ್ಲಿ ಬುಡವ್ವ" ಎಂದರು ತಾತ. "ಎಷ್ಟ್ ಬೇಕಾರೂ ಅಳ್ಲಿ."

ರೌಂಡ್ಸಿಗೆ ಬಂದಿದ್ದ ಡಾಕ್ಟರು ಓಡಿಬಂದು ಮಗುವಿನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು, ಎಡಕ್ಕೆ, ಬಲಕ್ಕೆ. ಮಕ್ಕಳ ಎದೆ ಕೇಳಲು ಅಳುವಾಗಿನಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಕೇಳಿ, ಸ್ಟೆತಸ್ಕೋಪನ್ನು ತಮ್ಮ ಕಿವಿಯಿಂದ ತೆಗೆದು ನನ್ನ ಕಿವಿಗೆ ಸಿಕ್ಕಿಸಿದರು. ಎರಡೂ ಕಡೆ ಗಾಳಿ ಸಮನಾಗಿ, ಧಾರಾಳವಾಗಿ ಹೋಗಿ ಬರುತ್ತಿತ್ತು. ಆ ಅಳುವನ್ನು ನಾನು ಮನಸಾರೆ ಕೇಳಿದೆ. ಮೂರು ದಿನ ಸೆರಗು ಕಚ್ಚಿಕೊಂಡಿದ್ದ ತಾಯಿ ಸೆರಗು ಬಿಟ್ಟು ಮಗಳ ಜೊತೆಗೆ ತಾನೂ ಜೋರಾಗಿ ಅಳತೊಡಗಿದಳು. ಅವಳನ್ನು ನೋಡಿ ನನ್ನ ಕಣ್ಣೀರೂ ಹರಿಯಿತು, ತಡೆಯಲು ಮೀಸೆಯೂ ಇರಲಿಲ್ಲ, ನೇರವಾಗಿ ಬಾಯಿಗೆ ಬಂತು.

ಅಳುವಿನ ನಡುವೆಯೇ ಮಗು ಕೈ ಚಾಚಿ ಪೊಟ್ಟಣ ಕಿತ್ತುಕೊಂಡಳು. ಬಿಚ್ಚಿ ನೋಡಿದಳು. ಮಾಲು ಸರಿಯಾಗಿತ್ತು. ಮತ್ತೆ ಮಡಚಿ ಟವೆಲ್ ಕೆಳಗೆ ಇಟ್ಟುಕೊಂಡು, ಬಿಕ್ಕುತ್ತಲೇ, ಎರಡು ಬಾಳೆಹಣ್ಣನ್ನು ನನ್ನ ಕಡೆ ತಳ್ಳಿದಳು.